ಕೆಂಪು ಕೋಟೆಯ ತೋಟದಲ್ಲಿ ಶ್ರೀರಂಗಪಟ್ಟಣದ ಡೇರೆ

ಶ್ರೀರಂಗಪಟ್ಟಣದ ಕೋಟೆಯೊಳಗೆ, ರಂಗನಾಥಸ್ವಾಮಿ ದೇವಸ್ಥಾನಕ್ಕೆ ಹತ್ತಿರದಲ್ಲೇ, ಲಾಲ್ ಮಹಲ್ ಇದ್ದ ಜಾಗವಿದೆ. ಟಿಪ್ಪು ಸುಲ್ತಾನ್ ವಾಸವಿದ್ದ ಅರಮನೆ ಅದು. ಈಗ ಅಲ್ಲಿ ಅರಮನೆಯಿಲ್ಲ. ಅಡಿಪಾಯದ ಗುರುತು, ಹುಲ್ಲು, ಒಂದು ಬೋರ್ಡು, ಅಷ್ಟೇ. ಪತ್ರಿಕೋದ್ಯಮ ಓದುತ್ತಿದ್ದಾಗ ನಮ್ಮ ಮೇಷ್ಟ್ರು ತರಗತಿಯನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗಿ, "ನೋಡಿದ್ದನ್ನ ಬರ್ಕೊಂಡು ಬನ್ನಿ" ಅಂದಿದ್ದರು. ನೋಡಲು ಏನೂ ಇರಲಿಲ್ಲವಾದ್ದರಿಂದ ನಾವು ಎರಡು ಪ್ಯಾರಾ ಬರೆದು ಕೊಟ್ಟೆವು. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಒಂದೇ ಸಾಲು ಬರೆದು ವಾಪಸ್ ಕೊಟ್ಟರು: "ಇಲ್ಲಿದ್ದದ್ದು ಎಲ್ಲಿಗೆ ಹೋಯಿತು ಅಂತ ಯಾರನ್ನಾದರೂ ಕೇಳಿದಿರಾ?"

ಆಗ ಕೇಳಿರಲಿಲ್ಲ. ಉತ್ತರದ ಒಂದು ತುಂಡು ನಮಗೆ ಸಿಕ್ಕಿದ್ದು ಬಹಳ ವರ್ಷಗಳ ನಂತರ, ವೇಲ್ಸ್ ದೇಶದ ಒಂದು ಗುಡ್ಡದ ಮೇಲೆ.

ನಮ್ಮ ಬಳಗದ ಒಬ್ಬಳು ಈಗ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಳೆ. ಕೆಲಸದ ಮೇಲೆ ಆ ಕಡೆ ಹೋಗಿದ್ದ ಇನ್ನೊಬ್ಬ ಜೊತೆಯಾದ. ಸೆಪ್ಟೆಂಬರಿನ ಒಂದು ಶನಿವಾರ ರೈಲು ಹತ್ತಿ ಒಂದೂವರೆ ಗಂಟೆ ಕೂತು ವೆಲ್ಷ್‌ಪೂಲ್ ಎಂಬ ಪುಟ್ಟ ಊರಿನಲ್ಲಿ ಇಳಿದೆವು. ಇಂಗ್ಲೆಂಡಿನ ಗಡಿ ದಾಟಿದ ಕೂಡಲೇ ಸಿಗುವ ಸಂತೆಯ ಊರು. ಸ್ಟೇಷನ್ನಿನ ಹಲಗೆಯ ಮೇಲೆ ಎರಡು ಭಾಷೆ, ವೆಲ್ಷ್ ಮತ್ತು ಇಂಗ್ಲಿಷ್. ಅಲ್ಲಿಂದ ಜಿಂಕೆಗಳು ಮೇಯುವ ಬಯಲಿನ ಅಂಚಿನಲ್ಲಿ ನಡೆದು ಹೋದರೆ ಪೋವಿಸ್ ಕ್ಯಾಸಲ್.

ಕ್ಯಾಸಲ್ ಅಂದರೆ ಪೂರ್ತಿ ಕೋಟೆಯೂ ಅಲ್ಲ, ಪೂರ್ತಿ ಅರಮನೆಯೂ ಅಲ್ಲ. ಉತ್ತರ ಕರ್ನಾಟಕದ ದೇಸಾಯರ ವಾಡೆಗಳನ್ನು ನೋಡಿದವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಹೊರಗೆ ಬುರುಜು, ದಪ್ಪ ಗೋಡೆ, ಒಳಗೆ ಮನೆ. ಶತ್ರು ಬಂದರೆ ಬಾಗಿಲು ಹಾಕಿಕೊಳ್ಳಬಹುದು, ನೆಂಟರು ಬಂದರೆ ತೆಗೆಯಬಹುದು. ಪೋವಿಸ್ ಕೆಂಪು ಕಲ್ಲಿನ ಕಟ್ಟಡ. ವೆಲ್ಷ್ ಭಾಷೆಯಲ್ಲಿ ಇದಕ್ಕಿದ್ದ ಹಳೆಯ ಹೆಸರಿನ ಅರ್ಥವೂ ಕೆಂಪು ಕೋಟೆ ಎಂದೇ.

ಒಂದು ಮನೆತನ, ಒಂದು ಬಂಡೆ

13ನೇ ಶತಮಾನದಲ್ಲಿ ಗ್ರಿಫಿಡ್ ಎಂಬ ವೆಲ್ಷ್ ದೊರೆ ಈ ಬಂಡೆಯ ಮೇಲೆ ಕೋಟೆ ಕಟ್ಟಿಸಿದ. ವೇಲ್ಸ್ ಇಂಗ್ಲೆಂಡಿಗೆ ಸೋತ ಮೇಲೆ ಕೈ ಬದಲಾಗುತ್ತ ಬಂದು, 1587ರಲ್ಲಿ ಸರ್ ಎಡ್ವರ್ಡ್ ಹರ್ಬರ್ಟ್ ಎಂಬಾತನಿಗೆ ಸೇರಿತು. ಅಲ್ಲಿಂದ 1952ರವರೆಗೆ, ಅಂದರೆ 365 ವರ್ಷ, ಅದು ಹರ್ಬರ್ಟ್ ಮನೆತನದ ಆಸ್ತಿ. ನಡುವೆ ಅಂತರ್ಯುದ್ಧದಲ್ಲಿ 1644ರಲ್ಲಿ ಪಾರ್ಲಿಮೆಂಟಿನ ಪಡೆ ಅದನ್ನು ಹಿಡಿದುಕೊಂಡಿತು. 1688ರಲ್ಲಿ ರಾಜ ಎರಡನೇ ಜೇಮ್ಸ್ ದೇಶ ಬಿಟ್ಟು ಓಡಿದಾಗ ಅವನ ಪಕ್ಷದಲ್ಲಿದ್ದ ಕೋಟೆಯ ಯಜಮಾನನೂ ಹಿಂದೆಯೇ ಹೋದ. ಆದರೂ ಮನೆ ಮನೆತನಕ್ಕೆ ವಾಪಸ್ ಬಂತು.

ಈಗ ಕಟ್ಟಡ, ತೋಟ ಎರಡೂ ನ್ಯಾಷನಲ್ ಟ್ರಸ್ಟಿನವು. ಹಾಗೆಂದು ಮನೆತನ ಹೋಗಿಲ್ಲ, ಕೋಟೆಯ ಒಂದು ಭಾಗದಲ್ಲಿ ಅವರ ವಾಸ ಮುಂದುವರಿದಿದೆ. ಟ್ರಸ್ಟಿಗೆ ಬಂದದ್ದರ ಹಿಂದೆ ಒಂದು ಸಂಕಟದ ಕಥೆಯಿದೆ. ನಾಲ್ಕನೇ ಅರ್ಲ್ ಆಫ್ ಪೋವಿಸ್‌ಗೆ ಇಬ್ಬರು ಗಂಡುಮಕ್ಕಳು. ಒಬ್ಬ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು 1916ರಲ್ಲಿ ತೀರಿಕೊಂಡ. ಇನ್ನೊಬ್ಬ ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ವಿಮಾನ ಅಪಘಾತದಲ್ಲಿ ಹೋದ. ಹೆಂಡತಿ ವಯೊಲೆಟ್ 1929ರಲ್ಲೇ ಕಣ್ಣು ಮುಚ್ಚಿದ್ದಳು. 1952ರಲ್ಲಿ ಮುದುಕ ಸಾಯುವಾಗ ಕೋಟೆಯನ್ನು ಟ್ರಸ್ಟಿಗೆ ಬರೆದಿಟ್ಟ. ಮನೆಯ ಗೋಡೆಗಳ ಮೇಲೆ ಇವರೆಲ್ಲರ ಚಿತ್ರಗಳಿವೆ. ಯಾರು ಯಾರಿಗೆ ಏನಾಗಬೇಕು ಎಂಬುದು ಒಂದು ಸುತ್ತು ಹಾಕುವಷ್ಟರಲ್ಲಿ ನಮಗೂ ಬಾಯಿಗೆ ಬಂದಿತ್ತು.

ಬಂಡೆ ಕಡಿದು ಮಾಡಿದ ತೋಟ

ಕಟ್ಟಡಕ್ಕಿಂತ ಮೊದಲು ತೋಟ ನೋಡಿ ಎಂದು ಟಿಕೆಟ್ ಕೊಟ್ಟವರು ಹೇಳಿದ್ದು ಒಳ್ಳೆಯದೇ ಆಯಿತು. ಕೋಟೆಯ ಕೆಳಗೆ ಇಳಿಜಾರಿನ ಬಂಡೆಯನ್ನು ಕಡಿದು ನಾಲ್ಕು ಮೆಟ್ಟಿಲಿನಂತೆ ಜಗಲಿಗಳನ್ನು ಮಾಡಿದ್ದಾರೆ. 17ನೇ ಶತಮಾನದ ಕೊನೆಯಲ್ಲಿ ಶುರುವಾದ ಕೆಲಸ. ಇಟಲಿಯ ಬೆಟ್ಟದ ತೋಟಗಳ ಮಾದರಿ. ಮಲೆನಾಡಿನಲ್ಲಿ ಗುಡ್ಡ ಕಡಿದು ಗದ್ದೆ ಮಾಡುವುದನ್ನು ನೋಡಿ ಬೆಳೆದವರಿಗೆ ಇದರ ಶ್ರಮ ಹೇಳಿಕೊಡಬೇಕಿಲ್ಲ. ವ್ಯತ್ಯಾಸ ಇಷ್ಟೇ, ಇಲ್ಲಿ ಬೆಳೆದದ್ದು ಭತ್ತ ಅಲ್ಲ, ನೋಟ. ಜಗಲಿಯ ತುದಿಯಲ್ಲಿ ನಿಂತರೆ ಸೆವರ್ನ್ ನದಿಯ ಕಣಿವೆ, ಆಚೆ ನೀಲಿ ಗುಡ್ಡಗಳ ಸಾಲು.

ಮೇಲಿನ ಜಗಲಿಯಲ್ಲಿ ಯೂ ಮರಗಳಿವೆ. ನೆಟ್ಟಾಗ ಗೋಪುರದಾಕಾರಕ್ಕೆ ಕತ್ತರಿಸಿದ ಪುಟ್ಟ ಗಿಡಗಳು. ಮುನ್ನೂರು ವರ್ಷ ಆಗುವಷ್ಟರಲ್ಲಿ ಉಬ್ಬಿ, ತಗ್ಗಿ, ಒಂದರ ಮೇಲೊಂದು ಒರಗಿ, ಗೋಡೆಯ ಮೇಲೆ ಮಲಗಿದ ಆನೆಗಳ ಹಾಗೆ ಕಾಣುತ್ತವೆ. ನಾವು ಹೋದ ದಿನ ಒಬ್ಬ ಮಾಲಿ ಯಂತ್ರದ ಏಣಿಯ ತೊಟ್ಟಿಲಿನಲ್ಲಿ ನಿಂತು ಅವುಗಳಿಗೆ ಕ್ಷೌರ ಮಾಡುತ್ತಿದ್ದ. ಮುಗಿಯಲು ಹಲವು ವಾರ ಬೇಕಂತೆ. "ಮುಗಿಯೋ ಹೊತ್ತಿಗೆ ಮೊದಲಿನದು ಮತ್ತೆ ಬೆಳೆಯೋಕೆ ಶುರುವಾಗಿರುತ್ತೆ" ಎಂದು ನಕ್ಕ.

ಇನ್ನೂ ಕೆಳಗಿನ ತೋಟ ವಯೊಲೆಟ್ ಮಾಡಿದ್ದು. 1911ರಿಂದ ಆಕೆ ತೋಟದ ಉಸ್ತುವಾರಿ ವಹಿಸಿಕೊಂಡಳು. ತರಕಾರಿ ಮಡಿಗಳಿದ್ದ ಜಾಗವನ್ನು ಹೂದೋಟ ಮಾಡಿ, ಹಣ್ಣಿನ ಮರಗಳನ್ನು ಅಲ್ಲಿಯೇ ಉಳಿಸಿಕೊಂಡಳು. ಸೇಬಿನ ಮರಗಳನ್ನು ಸವರಿ ಗೋಪುರದಂತೆ ನಿಲ್ಲಿಸಿದ್ದಾರೆ. ಅವುಗಳ ನಡುವೆ ನಮಗೆ ಗುರುತಿನ ಕೂಗೊಂದು ಕೇಳಿಸಿತು. ತಿರುಗಿ ನೋಡಿದರೆ ನವಿಲು. ನಮ್ಮೂರಿನಲ್ಲಿ ಅವರೆ ಹೊಲಕ್ಕೆ ನುಗ್ಗಿ ಬೈಸಿಕೊಳ್ಳುವ ಹಕ್ಕಿ, ಇಲ್ಲಿ ಪ್ರವಾಸಿಗರ ಕೇಕಿನ ಚೂರು ಹೆಕ್ಕುತ್ತ ಆರಾಮಾಗಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಚಂದದ ಪ್ರವಾಸ ಕಥನ ಆಗುತ್ತಿತ್ತು. ಆದರೆ ಈ ತೋಟದ ಹುಲ್ಲಿನ ಮೇಲೆ ಒಂದು ಕಾಲದಲ್ಲಿ ಶ್ರೀರಂಗಪಟ್ಟಣದಿಂದ ಬಂದ ಡೇರೆ ಹಾಕುತ್ತಿದ್ದರು. ಮನೆತನದ ಗಾರ್ಡನ್ ಪಾರ್ಟಿಗಳಿಗೆ ನೆರಳಾಗಿದ್ದು ಟಿಪ್ಪುವಿನ ಡೇರೆ.

ಕ್ಲೈವ್ ಎಂಬ ಹೆಸರು ಹೇಗೆ ಬಂತು

ಪ್ಲಾಸಿ ಕದನದ ರಾಬರ್ಟ್ ಕ್ಲೈವ್ ಶಾಲೆಯ ಪುಸ್ತಕದಿಂದಲೇ ನಮಗೆಲ್ಲ ಗೊತ್ತು. ಬಂಗಾಳದಿಂದ ಅವನು ಹೊತ್ತು ತಂದ ಸಂಪತ್ತು ಬ್ರಿಟನ್ನಿನಲ್ಲೇ ದೊಡ್ಡ ಗಲಾಟೆಯಾಗಿತ್ತು. 1774ರಲ್ಲಿ ಅವನು ಸತ್ತ. ಮಗ ಎಡ್ವರ್ಡ್ ಕ್ಲೈವ್ ಆ ಹಣದ ವಾರಸುದಾರ. ಪಕ್ಕದಲ್ಲಿಯೇ ಪೋವಿಸ್ ಕೋಟೆ. ಅಲ್ಲಿ ಹೆಸರಿತ್ತು, ವಂಶವಿತ್ತು, ಆದರೆ ಸಾಲವೂ ಇತ್ತು, ಕಟ್ಟಡ ಹಾಳು ಬೀಳುತ್ತಿತ್ತು. 1784ರಲ್ಲಿ ಎಡ್ವರ್ಡ್ ಕ್ಲೈವ್ ಆ ಮನೆಯ ಮಗಳು ಹೆನ್ರಿಯೆಟಾ ಹರ್ಬರ್ಟಳನ್ನು ಮದುವೆಯಾದ. ಅದೇ ವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪು ದರಿಯಾ ದೌಲತ್ ಕಟ್ಟಿಸಿದ. ಎರಡು ಮನೆಗಳ ದಾರಿ ಮುಂದೆ ಕೂಡಲಿದೆ ಎಂದು ಆಗ ಯಾರಿಗೆ ಗೊತ್ತಿತ್ತು?

1798ರಲ್ಲಿ ಎಡ್ವರ್ಡ್ ಕ್ಲೈವ್ ಮದರಾಸಿನ ಗವರ್ನರ್ ಆಗಿ ಬಂದ. ಮಾರನೆಯ ವರ್ಷ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಕೋಟೆಯ ಬಾಗಿಲ ಬಳಿ ಹೋರಾಡುತ್ತ ಸತ್ತ. ಆ ರಾತ್ರಿ ಊರು ಸೂರೆಯಾಯಿತು. ಉಳಿದದ್ದನ್ನು ಲೆಕ್ಕ ಹಾಕಿ ಹಂಚಲು ಸೈನ್ಯದ್ದೇ ಒಂದು ಸಮಿತಿಯಿತ್ತು. ಹಂಚಿಕೆಯೂ ಹುದ್ದೆಗೆ ತಕ್ಕಂತೆ. ಸೇನಾಪತಿ ಹ್ಯಾರಿಸ್‌ಗೆ 1,42,000 ಪೌಂಡಿಗೂ ಹೆಚ್ಚು. ಗೋಡೆ ಹತ್ತಿದ ಸಾಮಾನ್ಯ ಸಿಪಾಯಿಗೆ ಕೆಲವೇ ಪೌಂಡು.

ಟಿಪ್ಪುವಿನ ಸಿಂಹಾಸನದ ಕಥೆ ಇದರಲ್ಲೇ ಬರುತ್ತದೆ. ಚಿನ್ನದ ತಗಡು ಹೊದಿಸಿದ ಎಂಟು ಮೂಲೆಯ ಪೀಠ, ಕಟಾಂಜನದ ಮೇಲೆ ಎಂಟು ಪುಟ್ಟ ಹುಲಿತಲೆಗಳು, ಮುಂದೆ ಒಂದು ದೊಡ್ಡ ಹುಲಿತಲೆ, ಮೇಲೆ ಹುಮಾ ಹಕ್ಕಿ. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅದನ್ನು ಇಡಿಯಾಗಿ ತಮ್ಮ ರಾಜನಿಗೆ ಕಳಿಸುವ ಆಸೆ. ಅಷ್ಟರಲ್ಲಿ ಹಂಚಿಕೆಯವರು ಒಡೆದು ಚೂರು ಮಾಡಿಯಾಗಿತ್ತು. ದೊಡ್ಡ ಹುಲಿತಲೆ, ಹುಮಾ ಹಕ್ಕಿ ಎರಡೂ ಈಗ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿವೆ. ಒಂದು ಪುಟ್ಟ ಹುಲಿತಲೆ ಪೋವಿಸ್ ಕೋಟೆಯಲ್ಲಿದೆ. ಇನ್ನೊಂದು ಪುಟ್ಟ ತಲೆ ಮಾರಾಟಕ್ಕೆ ಬಂದಾಗ, 2021ರಲ್ಲಿ, ಬ್ರಿಟಿಷ್ ಸರ್ಕಾರ ಅದು ದೇಶದಿಂದ ಹೊರಗೆ ಹೋಗದಂತೆ ತಾತ್ಕಾಲಿಕವಾಗಿ ತಡೆಯಿತು. ಬೆಲೆ 15 ಲಕ್ಷ ಪೌಂಡ್. ದೇಶಕ್ಕೆ ಮಹತ್ವದ ವಸ್ತು ಹೊರಗೆ ಹೋಗಬಾರದು ಎಂಬುದು ಆ ನಿಯಮದ ಉದ್ದೇಶ. ನಾವು ಆ ವಾಕ್ಯವನ್ನು ಎರಡು ಸಲ ಓದಿಕೊಂಡೆವು.

ಹೆನ್ರಿಯೆಟಾ ಕಂಡ ಮೈಸೂರು ಸೀಮೆ

ಕ್ಲೈವ್ ದಂಪತಿಯಲ್ಲಿ ನಮಗೆ ಹೆಚ್ಚು ಕುತೂಹಲ ಹುಟ್ಟಿಸಿದವಳು ಹೆಂಡತಿ. ಯುದ್ಧ ಮುಗಿದ ಮರುವರ್ಷ, 1800ರ ಮಾರ್ಚಿನಲ್ಲಿ, ಹೆನ್ರಿಯೆಟಾ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮದರಾಸಿನಿಂದ ಹೊರಟಳು. ಗಂಡ ಜೊತೆಗಿರಲಿಲ್ಲ. ಏಳು ತಿಂಗಳು, ಸಾವಿರ ಮೈಲಿಗೂ ಮೀರಿದ ಪ್ರಯಾಣ. ವೆಲ್ಲೂರು, ಬೆಂಗಳೂರು, ಶ್ರೀರಂಗಪಟ್ಟಣ, ಆಮೇಲೆ ತಮಿಳು ಸೀಮೆ ಸುತ್ತಿ ವಾಪಸ್. ಜೊತೆಯಲ್ಲಿ ನೂರಾರು ಆಳು, ಆನೆ, ಒಂಟೆ, ಎತ್ತು. ಒಂದು ಪಿಯಾನೋವನ್ನೂ ಹೊತ್ತು ತಂದಿದ್ದರು. ದಾರಿಯಲ್ಲಿ ಆಕೆ ಗಿಡ, ಕಲ್ಲು ಸಂಗ್ರಹಿಸಿದಳು, ಪಾರ್ಸಿ ಭಾಷೆ ಕಲಿತಳು, ಪತ್ರ ಬರೆದಳು. ಹನ್ನೆರಡು ವರ್ಷದ ಕಿರಿಮಗಳು ಷಾರ್ಲಟ್ ದಿನಚರಿ ಬರೆದಳು. ಮಕ್ಕಳ ಶಿಕ್ಷಕಿ, ಇಟಲಿಯ ಅನ್ನಾ ತೊನೆಲ್ಲಿ, ಚಿತ್ರ ಬರೆದಳು. ಆಕೆ ಬರೆದ ಸಿಂಹಾಸನದ ಮೇಲೆ ಕೂತ ಟಿಪ್ಪುವಿನ ಚಿತ್ರ 1800ರದು. ಆಗ ಟಿಪ್ಪುವೂ ಇರಲಿಲ್ಲ, ಸಿಂಹಾಸನವೂ ಇರಲಿಲ್ಲ.

ಹೆನ್ರಿಯೆಟಾಳನ್ನು ಲೂಟಿಕೋರಳು ಎಂದು ಒಂದೇ ಮಾತಿನಲ್ಲಿ ಮುಗಿಸಲು ನಮಗೆ ಮನಸ್ಸು ಬರಲಿಲ್ಲ. ಆಕೆಗೆ ಈ ನೆಲದ ಗಿಡಮರ, ಮಾತು, ಜನ ಎಲ್ಲದರ ಬಗ್ಗೆ ಆಸಕ್ತಿಯಿತ್ತು. ಆದರೆ ಆ ಪಿಯಾನೋ ಹೊತ್ತವರು ಯಾರು? ಬೆಂಗಳೂರಿನ ಏರಿನಲ್ಲಿ ಎತ್ತು ಹೊಡೆದವರು ಯಾರು? ಒಂದು ವರ್ಷದ ಹಿಂದೆ ಯುದ್ಧ ತುಳಿದುಹೋದ ಹಳ್ಳಿಗಳಲ್ಲಿ ಇಷ್ಟು ಜನಕ್ಕೆ, ಇಷ್ಟು ದನಕ್ಕೆ ಮೇವು ನೀರು ಒದಗಿಸಿದವರು ಯಾರು? ತಾಯಿ ಮಗಳು ಇಬ್ಬರ ಬರಹವೂ ಉಳಿದಿದೆ. ಹೊತ್ತವರು ಬರೆಯಲಿಲ್ಲ. ಗ್ರಾಮೀಣ ಪತ್ರಿಕೋದ್ಯಮ ಓದಿದ ನಮಗೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಏನು ಮಾಡುವುದು.

ಷಾರ್ಲಟ್ ಮುಂದೆ ನಾರ್ಥಂಬರ್ಲೆಂಡಿನ ಡಚೆಸ್ ಆದಳು, ವಿಕ್ಟೋರಿಯಾ ರಾಣಿ ಹುಡುಗಿಯಾಗಿದ್ದಾಗ ಅವಳಿಗೆ ಶಿಕ್ಷಕಿಯಾದಳು. ದಕ್ಷಿಣ ಆಫ್ರಿಕದಿಂದ ತಂದ ಒಂದು ಗಿಡ ಅವಳ ಗಂಡನ ಮನೆಯ ತೋಟದಲ್ಲಿ ಹೂ ಬಿಟ್ಟಾಗ, 1828ರಲ್ಲಿ ಸಸ್ಯವಿಜ್ಞಾನಿ ಜಾನ್ ಲಿಂಡ್ಲಿ ಅವಳ ತವರಿನ ಹೆಸರಿನಿಂದಲೇ ಅದನ್ನು ಕ್ಲೈವಿಯಾ ಎಂದು ಕರೆದ. ಕಿತ್ತಳೆ ಬಣ್ಣದ ಗೊಂಚಲು ಹೂವಿನ ಆ ಜಾತಿಯ ಗಿಡಗಳನ್ನು ನರ್ಸರಿಗಳಲ್ಲಿ ನೀವೂ ನೋಡಿರಬಹುದು. ಹೆಸರು ಹಾಗೆ ಹೂಕುಂಡದಲ್ಲೂ ಬೇರು ಬಿಡುತ್ತದೆ.

ಹೆನ್ರಿಯೆಟಾಳ ಅಣ್ಣನಿಗೆ ಮದುವೆಯಾಗಿರಲಿಲ್ಲ. 1801ರಲ್ಲಿ ಅವನು ತೀರಿಕೊಂಡಾಗ ಪೋವಿಸ್ ಆಸ್ತಿ ಹೆನ್ರಿಯೆಟಾಳ ಮಗನ ಪಾಲಿಗೆ ಬಂತು. 1804ರಲ್ಲಿ ಎಡ್ವರ್ಡ್ ಕ್ಲೈವ್ ಅರ್ಲ್ ಆಫ್ ಪೋವಿಸ್ ಆದ. ಮಗ 1807ರಲ್ಲಿ ಕ್ಲೈವ್ ಹೆಸರು ಬಿಟ್ಟು ತಾಯಿಯ ಮನೆಯ ಹರ್ಬರ್ಟ್ ಹೆಸರನ್ನೇ ಇಟ್ಟುಕೊಂಡ. ಕ್ಲೈವ್ ಹಣದಿಂದ ಕೋಟೆ ರಿಪೇರಿಯಾಯಿತು. ಹೆಸರು ಹಳೆಯದು, ಹಣ ಹೊಸದು, ಸಾಮಾನು ಹಿಂದೂಸ್ತಾನದ್ದು.

ಕತ್ತಲ ಕೋಣೆಯಲ್ಲಿ

ಸಂಗ್ರಹಕ್ಕೆ ಕ್ಲೈವ್ ಮ್ಯೂಸಿಯಂ ಎಂದು ಹೆಸರು. 1987ರಲ್ಲಿ ಶುರುವಾದದ್ದು. ಸಾವಿರಕ್ಕೂ ಹೆಚ್ಚು ವಸ್ತುಗಳು. ಕತ್ತಿ, ಗುರಾಣಿ, ದಂತದ ಕೆಲಸ, ಹುಕ್ಕಾ, ಕಂಚಿನ ದೇವರುಗಳು. ಪ್ಲಾಸಿಯಲ್ಲಿ ಸೋತ ಸಿರಾಜುದ್ದೌಲನದು ಎನ್ನುವ ಪಲ್ಲಕ್ಕಿ. ಬಟ್ಟೆಗಳ ಬಣ್ಣ ಹೋಗಬಾರದೆಂದು ಬೆಳಕು ಮಂದ.

ಟಿಪ್ಪುವಿನ ಡೇರೆ ಛೀಟಿನ ಬಟ್ಟೆಯದು. ಬಿಳಿ ಹತ್ತಿಯ ಮೇಲೆ ಕಮಾನುಗಳು, ಒಂದೊಂದು ಕಮಾನಿನೊಳಗೆ ಒಂದು ಹೂದಾನಿ, ಅದರಿಂದ ಎದ್ದ ಕೆಂಪು ಹೂ, ಹಸಿರು ಎಲೆ. ಒಳಗೆ ಕೂತವನಿಗೆ ಸುತ್ತ ತೋಟವಿದ್ದ ಹಾಗೆ ಅನ್ನಿಸಬೇಕು, ಅದೇ ಉದ್ದೇಶ. ಇನ್ನೂರೈವತ್ತು ವರ್ಷಕ್ಕೂ ಹಳೆಯ ಬಣ್ಣ ಅಷ್ಟು ಕಾಂತಿಯಲ್ಲಿರುವುದನ್ನು ಕಂಡು ಮಾತು ಹೊರಡಲಿಲ್ಲ. ನೇಕಾರನ ಹೆಸರಿಲ್ಲ, ಬಣ್ಣ ಹಾಕಿದವನ ಹೆಸರಿಲ್ಲ.

ಇಲ್ಲೊಂದು ತೊಡಕಿದೆ, ಅದನ್ನೂ ಹೇಳಿಬಿಡಬೇಕು. ಈ ಬಟ್ಟೆಯ ಕಾಲ ಸುಮಾರು 1725ರಿಂದ 1750 ಎಂದು ಬಲ್ಲವರು ಹೇಳುತ್ತಾರೆ. ಅಂದರೆ ಟಿಪ್ಪು ಹುಟ್ಟುವ ಮುಂಚಿನದು. ನಮ್ಮ ಸೀಮೆಯದಲ್ಲ, ಮಧ್ಯಭಾರತದ ಬುರ್ಹಾನ್‌ಪುರದ ಕಡೆಯ ಕೆಲಸ ಎನ್ನುತ್ತಾರೆ. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಅದು ಕೊಂಡದ್ದಾಗಿ ಬಂತೋ, ಕಾಣಿಕೆಯಾಗಿ ಬಂತೋ, ಗೆದ್ದದ್ದಾಗಿ ಬಂತೋ? ಅರಸರ ಉಗ್ರಾಣಕ್ಕೆ ಸಾಮಾನು ಬರುವ ದಾರಿ ಯಾವತ್ತೂ ಒಂದೇ ಅಲ್ಲ. ಟಿಪ್ಪುವಿನ ಬಗ್ಗೆ ನಮ್ಮ ನಾಡಿನಲ್ಲಿ ಎರಡು ಅಭಿಪ್ರಾಯವಿದೆ ಎಂಬುದೂ ಗೊತ್ತಿರುವ ವಿಷಯ. ಒಡೆಯರ ಮನೆತನಕ್ಕೆ ಅವನ ಕಾಲದ ನೆನಪು ಬೇರೆ, ಮೈಸೂರು ಸೀಮೆಯ ರೈತನಿಗೆ ಬೇರೆ, ಕೊಡಗಿನವರಿಗೆ ಬೇರೆ. ಡೇರೆಯ ಮುಂದೆ ನಿಂತಾಗ ನಮಗೆ ಬಂದ ಸಂಕಟ ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬುದರ ಮೇಲೆ ನಿಂತಿರಲಿಲ್ಲ. ಒಂದು ಮನೆ ಒಡೆದು ಇನ್ನೊಂದು ಮನೆ ತುಂಬಿತ್ತು, ಅಷ್ಟೇ ಕಣ್ಣೆದುರು ಇದ್ದದ್ದು.

ಕೋಣೆ ಕಾಯುತ್ತಿದ್ದ ಹಿರಿಯ ಮಹಿಳೆ ನಾವು ತುಂಬ ಹೊತ್ತು ನಿಂತದ್ದನ್ನು ಕಂಡು ಹತ್ತಿರ ಬಂದರು. ಎಲ್ಲಿಯವರು ಎಂದು ಕೇಳಿದರು. ಶ್ರೀರಂಗಪಟ್ಟಣಕ್ಕೆ ಅರ್ಧ ಗಂಟೆ ದಾರಿಯ ಊರು ಎಂದೆವು. ಒಂದು ಕ್ಷಣ ಸುಮ್ಮನಿದ್ದು, "ಹಾಗಾದರೆ ಇದರ ಬಗ್ಗೆ ನೀವೇ ನನಗೆ ಹೇಳಬೇಕು" ಎಂದರು. ನಮಗೆ ಹೇಳಲು ಬಂದದ್ದು ಲಾಲ್ ಮಹಲಿನ ಹುಲ್ಲು, ಬೋರ್ಡು. ಎರಡು ಪ್ಯಾರಾ.

ಹೊರಗೆ ಬಂದು ಹುಲ್ಲಿನ ಮೇಲೆ ಕೂತು ಪಾಂಡವಪುರದ ಹತ್ತಿರದ ಊರಿನಲ್ಲಿರುವ ದೊಡ್ಡಪ್ಪನಿಗೆ ವಿಡಿಯೋ ಕಾಲ್ ಮಾಡಿದೆವು. ತೋಟ ತೋರಿಸಿದೆವು, ನವಿಲು ತೋರಿಸಿದೆವು, ಡೇರೆಯ ಕಥೆ ಹೇಳಿದೆವು.

"ಅಲ್ಲ ಕಣವ್ವ, ಅದು ಪಟ್ಟಣದಿಂದ ತಂದಿದ್ದು ಅಂತ ಅವ್ರೇ ಒಪ್ಕತಾರಾ?"

"ಹೂಂ ದೊಡ್ಡಪ್ಪ, ಎಲ್ಲಾ ಬರ್ದವ್ರೆ."

"ಬರ್ದು ಮಡಗ್ಯವ್ರೆ, ಕೊಡಕಿಲ್ಲ ಅನ್ನು." ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದರು, "ಕೊಟ್ರು ಅಂತ್ಲೇ ಇಟ್ಕೊ. ತಂದು ಎಲ್ಲಿ ಮಡಗೀರಿ?"

ಎರಡು ಮನೆ, ಎರಡು ಕಥೆ

ದೊಡ್ಡಪ್ಪನ ಪ್ರಶ್ನೆಯನ್ನು ವಾಪಸ್ ಕೊಡದಿರಲು ನೆಪ ಮಾಡಿಕೊಳ್ಳುವವರಿಗೆ ನಾವು ದಾನ ಮಾಡುವುದಿಲ್ಲ. ನಾವು ಚೆನ್ನಾಗಿ ಇಟ್ಟುಕೊಳ್ಳುತ್ತೇವೋ ಇಲ್ಲವೋ ಎಂಬುದರಿಂದ ತೆಗೆದುಕೊಂಡು ಹೋದದ್ದು ಸರಿಯಾಗುವುದಿಲ್ಲ. ಆದರೂ ಆ ಪ್ರಶ್ನೆ ನಮ್ಮ ಬೆನ್ನು ಬಿಟ್ಟಿಲ್ಲ.

ಹರ್ಬರ್ಟ್ ಮನೆತನ ಒಂದೇ ಬಂಡೆಯ ಮೇಲೆ 365 ವರ್ಷ ಮನೆ ಕಾಪಾಡಿಕೊಂಡಿತು. ಕಾಪಾಡಲಾಗದ ದಿನ ಬಂದಾಗ ಒಂದು ಟ್ರಸ್ಟ್ ಕೈ ಹಿಡಿಯಿತು. ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿನ ಕೋಟೆಯಲ್ಲಿಟ್ಟರು. 1806ರಲ್ಲಿ ಅಲ್ಲಿ ಸಿಪಾಯಿಗಳ ದಂಗೆಯಾದ ಮೇಲೆ ಕಲ್ಕತ್ತೆಗೆ ಸಾಗಿಸಿದರು. ಅರಮನೆ ಖಾಲಿಯಾಯಿತು, ಆಮೇಲೆ ಇಲ್ಲವಾಯಿತು. ಟಿಪ್ಪುವಿನ ಅರಮನೆಯ ತೊಲೆಗಳು 1830ರ ಹೊತ್ತಿಗೆ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡು ಹೊತ್ತು ನಿಂತಿದ್ದವು, ಈಗಲೂ ನಿಂತಿವೆ. ಮೇಷ್ಟ್ರೇ, ನೀವು ಕೇಳಿದ್ದಕ್ಕೆ ಉತ್ತರ ಇದು: ತೊಲೆ ಊಟಿಗೆ, ಹುಲಿಯ ತಲೆ ಒಂದೊಂದು ದಿಕ್ಕಿಗೆ, ಡೇರೆ ವೇಲ್ಸಿಗೆ, ಮಕ್ಕಳು ಕಲ್ಕತ್ತೆಗೆ.

2020ರಲ್ಲಿ ನ್ಯಾಷನಲ್ ಟ್ರಸ್ಟ್ ತನ್ನ ಸ್ವತ್ತುಗಳಿಗೂ ವಸಾಹತುಶಾಹಿ, ಗುಲಾಮಗಿರಿಗಳಿಗೂ ಇರುವ ನಂಟಿನ ಬಗ್ಗೆ ವರದಿ ಪ್ರಕಟಿಸಿತು. 93 ಸ್ಥಳಗಳ ಹೆಸರು ಅದರಲ್ಲಿದ್ದವು, ಪೋವಿಸ್ ಕೂಡ. ಬ್ರಿಟನ್ನಿನಲ್ಲಿ ಅದಕ್ಕೆ ಮೆಚ್ಚುಗೆಯೂ ಬಂತು, ಚಂದದ ತೋಟ ನೋಡಲು ಹೋದವರಿಗೆ ಪಾಪಪ್ರಜ್ಞೆ ಯಾಕೆ ಹೊರಿಸುತ್ತೀರಿ ಎಂಬ ಸಿಟ್ಟೂ ಬಂತು. ನಮಗೆ ತೋಟ ನಿಜಕ್ಕೂ ಚಂದ ಕಂಡಿತು. ಯೂ ಮರದ ಮಾಲಿಯ ಕೆಲಸಕ್ಕೆ ಕೈ ಮುಗಿಯಬೇಕು ಅನ್ನಿಸಿತು. ಇಬ್ಬರು ಮಕ್ಕಳನ್ನು ಕಳೆದುಕೊಂಡ ಮುದುಕನ ಕಥೆಗೆ ಹೊಟ್ಟೆ ಉರಿಯಿತು. ಡೇರೆಯ ಮುಂದೆಯೂ ಉರಿಯಿತು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ವರದಿ ಅರ್ಧವಾಗುತ್ತದೆ.

ಲೂಟಿ ಎಂಬ ನಮ್ಮ ಮಾತನ್ನು ಇಂಗ್ಲಿಷಿನವರು 18ನೇ ಶತಮಾನದಲ್ಲಿ ಹಿಂದೂಸ್ತಾನದಿಂದಲೇ ಎತ್ತಿಕೊಂಡರು. ಅದನ್ನಂತೂ ವಾಪಸ್ ಕೊಡಬೇಕಿಲ್ಲ, ನಮ್ಮಲ್ಲಿ ಇನ್ನೂ ಬೇಕಾದಷ್ಟಿದೆ. ನಮ್ಮ ಊರುಗಳಲ್ಲಿ ಬೀಳುತ್ತಿರುವ ವಾಡೆಗಳು, ಕಲ್ಲು ಕಿತ್ತು ಸೇತುವೆಗೆ ಹಾಕಿದ ಬುರುಜುಗಳು, ರಾತ್ರೋರಾತ್ರಿ ಮಾಯವಾದ ವೀರಗಲ್ಲುಗಳು, ಇವನ್ನೆಲ್ಲ ಯಾವ ಕ್ಲೈವನೂ ಹೊತ್ತುಕೊಂಡು ಹೋಗಿಲ್ಲ.

ಹಾಗಾಗಿ ನಮ್ಮ ಬಳಗ ಒಂದು ಕೆಲಸ ಹಚ್ಚಿಕೊಂಡಿದೆ. ಪ್ರತಿಯೊಬ್ಬರೂ ತಮ್ಮ ಹೋಬಳಿಯ ಒಂದು ಹಳೆಯ ಮನೆಗೆ, ಕೋಟೆಗೆ, ತೋಟಕ್ಕೆ ಹೋಗಿ, ಅಲ್ಲಿ ಈಗ ಏನಿದೆ, ಮೊದಲು ಏನಿತ್ತು, ಅದು ಎಲ್ಲಿಗೆ ಹೋಯಿತು ಎಂದು ಅಕ್ಕಪಕ್ಕದ ಹಿರಿಯರನ್ನು ಕೇಳಿ ಬರೆಯುವುದು. ಮೊದಲನೆಯದಾಗಿ ನಾವಿಬ್ಬರೂ ಮುಂದಿನ ರಜೆಯಲ್ಲಿ ಮತ್ತೆ ಲಾಲ್ ಮಹಲಿನ ಬಯಲಿಗೆ ಹೋಗುತ್ತೇವೆ. ದೊಡ್ಡಪ್ಪನೂ ಬರುತ್ತೇನೆ ಅಂದಿದ್ದಾರೆ. ಈ ಸಲ ಎರಡು ಪ್ಯಾರಾಕ್ಕೆ ನಿಲ್ಲಿಸುವುದಿಲ್ಲ.